ಕೋಳಿ ಆಹಾರದ ಹಾಪರ್‌ಗೆ ಆಳ ಅಳೆಯುವ ಕ್ಯಾಮೆರಾ: ಒಂದೇ ಸೆಲ್ಲಿನಲ್ಲಿ ವರ್ಷಗಟ್ಟಲೆ ನಡೆಯುವ ಸಾಧನದ ನಿರ್ಮಾಣ

ತುಮಕೂರು ಜಿಲ್ಲೆಯ ಒಂದು ಬ್ರಾಯ್ಲರ್ ಕೋಳಿ ಶೆಡ್ಡಿನಲ್ಲಿ, ಆಹಾರದ ಸಾಲುಗಳಿಗೆ ಫೀಡ್ ಒದಗಿಸುವ ಹಾಪರ್‌ನೊಳಗೆ ಎಷ್ಟು ಉಳಿದಿದೆ ಎಂಬುದನ್ನು ಅರ್ಧ ಗಂಟೆಗೊಮ್ಮೆ ಅಳೆದು ಮನೆಗೆ ತಿಳಿಸುವ ಸಾಧನವೊಂದನ್ನು ಕಟ್ಟಿದ ವಿವರ ಇದು. ಹಾಪರ್‌ನ ಬಾಯಿ 120 ಸೆಂಟಿಮೀಟರ್ ಚೌಕದ್ದು. 90 ಸೆಂಟಿಮೀಟರ್ ನೇರ ಗೋಡೆಯ ಕೆಳಗೆ 60 ಸೆಂಟಿಮೀಟರ್ ಎತ್ತರದ ಇಳಿಜಾರು ಭಾಗವಿದ್ದು, ಅದರ ತುದಿಯಲ್ಲಿ ಫೀಡನ್ನು ಹೊರಕ್ಕೆಳೆಯುವ ತಿರುಪು, ಎಂದರೆ ಆಗರ್, ತಿರುಗುತ್ತದೆ. ತುಂಬಿದಾಗ ಸುಮಾರು ಒಂದು ಟನ್ ಫೀಡ್ ಹಿಡಿಸುತ್ತದೆ. ಶೆಡ್ಡಿನಲ್ಲಿ ವಿದ್ಯುತ್ ಇದೆಯಾದರೂ ಹಾಪರ್‌ವರೆಗೆ ಹೊಸ ತಂತಿ ಎಳೆಯುವುದು ಬೇಡವೆಂದು ಮೊದಲೇ ನಿರ್ಧರಿಸಲಾಗಿತ್ತು. ಇಲಿಗಳು ತಂತಿ ಕಡಿಯುತ್ತವೆ. ಪ್ರತಿ ಬ್ಯಾಚ್ ಮುಗಿದ ಮೇಲೆ ಇಡೀ ಶೆಡ್ಡನ್ನು ಒತ್ತಡದ ನೀರಿನಿಂದ ತೊಳೆಯಲಾಗುತ್ತದೆ. ತೂಗಾಡುವ ತಂತಿ, ಪ್ಲಗ್, ಅಡಾಪ್ಟರುಗಳಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಸಾಧನವು ಬ್ಯಾಟರಿಯಿಂದಲೇ ನಡೆಯಬೇಕು, ಮತ್ತು ಆ ಬ್ಯಾಟರಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟಬೇಕಾಗಿರಬಾರದು.

ಒಂದೇ ಬಿಂದುವಿನ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಏಕೆ ಸಾಲದು ಎಂಬ ಪ್ರಶ್ನೆ ಇಲ್ಲಿ ಸಹಜ. ಫೀಡ್ ನೀರಿನಂತೆ ಸಮತಟ್ಟಾಗಿ ಇಳಿಯುವುದಿಲ್ಲ. ಆಗರ್ ಕೆಳಗಿನಿಂದ ಎಳೆದಾಗ ನಡುವಿನ ಭಾಗ ಮೊದಲು ಕುಸಿದು ಆಲಿಕೆಯ ಆಕಾರ ಬರುತ್ತದೆ, ಬದಿಗಳಲ್ಲಿ ಫೀಡ್ ಹಾಗೆಯೇ ನಿಂತಿರುತ್ತದೆ. ನಡುವನ್ನು ಮಾತ್ರ ನೋಡುವ ಸೆನ್ಸರ್ ಹಾಪರ್ ಬರಿದಾಗಿದೆ ಎನ್ನುತ್ತದೆ, ಅಂಚನ್ನು ನೋಡುವ ಸೆನ್ಸರ್ ತುಂಬಿದೆ ಎನ್ನುತ್ತದೆ. ಮಳೆಗಾಲದ ತೇವದಲ್ಲಿ ಇದು ಇನ್ನೂ ಹೆಚ್ಚು: ಫೀಡ್ ಒಳಗೊಳಗೇ ಕಮಾನು ಕಟ್ಟಿಕೊಂಡು, ಮೇಲ್ಮೈ ಅಲುಗದೆ ನಿಂತು, ಕೆಳಗೆ ಆಗರ್ ಖಾಲಿ ಸುತ್ತುತ್ತಿರುತ್ತದೆ. ಬೇಗ ಬೆಳೆಯುವ ಹಕ್ಕಿಗಳಿಗೆ ರಾತ್ರಿಯೆಲ್ಲ ಆಹಾರ ನಿಂತರೆ ಆಗುವ ನಷ್ಟ ಸಣ್ಣದಲ್ಲ. ಮೇಲ್ಮೈಯ ಆಕಾರವೇ ತಿಳಿಯಬೇಕಾಗಿದ್ದರಿಂದ ಆಳದ ಚಿತ್ರ ಕೊಡುವ ಕ್ಯಾಮೆರಾ ಅನಿವಾರ್ಯವಾಯಿತು.

ಮೊದಲು ಪರಿಗಣಿಸಿದ್ದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಜೊತೆಗೆ ಇಂಟೆಲ್ ರಿಯಲ್‌ಸೆನ್ಸ್ ಮಾದರಿಯ, ಎರಡು ಕಣ್ಣುಗಳಿಂದ ಆಳ ಅಳೆಯುವ ಸ್ಟೀರಿಯೊ ಕ್ಯಾಮೆರಾ. ಚಿತ್ರದ ವಿವರ ಅದ್ಭುತವಾಗಿದ್ದರೂ ಶಕ್ತಿಯ ಲೆಕ್ಕ ಹೊಂದಲಿಲ್ಲ. ಲಿನಕ್ಸ್ ಎದ್ದು, ಯುಎಸ್‌ಬಿ ಸಜ್ಜಾಗಿ, ಚಿತ್ರ ತೆಗೆದು, ಮತ್ತೆ ಕ್ರಮಬದ್ಧವಾಗಿ ಮಲಗುವ ಹೊತ್ತಿಗೆ ಇಪ್ಪತ್ತೈದು ಮೂವತ್ತು ಸೆಕೆಂಡು ಕಳೆಯುತ್ತದೆ. ಆ ಅವಧಿಯುದ್ದಕ್ಕೂ ನಾಲ್ಕೈದು ವ್ಯಾಟ್ ಹರಿಯುತ್ತದೆ. ಅಂದರೆ ಒಂದು ಅಳತೆಗೆ ನೂರು ಜೂಲ್‌ಗಿಂತ ಹೆಚ್ಚು. ದಿನಕ್ಕೆ 48 ಅಳತೆಗಳಾದರೆ ಸುಮಾರು 5,000 ಜೂಲ್ ಬೇಕು, ಆದರೆ ಒಂದು ಸಿ-ಗಾತ್ರದ ಲಿಥಿಯಂ ಸೆಲ್ಲಿನಲ್ಲಿರುವುದು ಒಟ್ಟು 1,10,000 ಜೂಲ್ ಮಾತ್ರ. ತಿಂಗಳೊಳಗೆ ಅದು ಮುಗಿಯುತ್ತದೆ. ಇಂಥ ಸಾಧನಗಳಲ್ಲಿ ಕ್ಯಾಮೆರಾ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಕೇಳುವುದಕ್ಕಿಂತ, ಎಚ್ಚರಗೊಂಡು ಉತ್ತರ ಕೊಟ್ಟು ಮಲಗುವ ಒಂದು ಸುತ್ತಿಗೆ ಎಷ್ಟು ಜೂಲ್ ಬೇಕು ಎಂದು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ, ಎದುರಿಗಿರುವ ಕೆಲಸಕ್ಕೆ ನಿಜವಾಗಿ ಎಷ್ಟು ಪಿಕ್ಸೆಲ್ ಬೇಕು ಎಂಬುದು. ಹಾಪರ್‌ನೊಳಗಿನ ಆಲಿಕೆಯನ್ನು ಗುರುತಿಸಲು ಲಕ್ಷಗಟ್ಟಲೆ ಬಿಂದುಗಳು ಬೇಕಿಲ್ಲ, 64 ಸಾಕು.

ಆದ್ದರಿಂದ ಆರಿಸಿದ್ದು ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ 2021ರಲ್ಲಿ ಹೊರತಂದ ವಿಎಲ್53ಎಲ್5ಸಿಎಕ್ಸ್. ಇದು 940 ನ್ಯಾನೋಮೀಟರ್ ಅತಿಗೆಂಪು ಬೆಳಕಿನ ಸ್ಪಂದಗಳನ್ನು ಕಳುಹಿಸಿ, ಅವು ಮರಳಿ ಬರುವ ಸಮಯದಿಂದ ದೂರ ಅಳೆಯುತ್ತದೆ. ಅಡ್ಡಕ್ಕೂ ಉದ್ದಕ್ಕೂ 45 ಡಿಗ್ರಿಯ ನೋಟವನ್ನು 8×8 ವಲಯಗಳಾಗಿ ಹಂಚಿ, ಪ್ರತಿ ವಲಯಕ್ಕೂ ಬೇರೆ ದೂರ ಕೊಡುತ್ತದೆ. ವ್ಯಾಪ್ತಿ ಗರಿಷ್ಠ 4 ಮೀಟರ್, ಸಂಪರ್ಕ ಐ2ಸಿ ಮೂಲಕ, ಎಂದರೆ ಚಿಪ್ಪುಗಳು ಪರಸ್ಪರ ಮಾತಾಡುವ ಎರಡು ತಂತಿಯ ಸಾಲಿನ (ಬಸ್) ಮೂಲಕ. ಬಿಸಿಲಿನಲ್ಲಿ ಇದರ ವ್ಯಾಪ್ತಿ ಬಹಳ ಕುಗ್ಗುತ್ತದೆ, ಆದರೆ ಮುಚ್ಚಳದ ಕೆಳಗಿನ ಹಾಪರ್ ಕತ್ತಲೆಯ ಜಾಗ, ಅಳೆಯಬೇಕಾದ ದೂರವೂ ಎರಡು ಮೀಟರ್‌ಗಿಂತ ಕಡಿಮೆ. ಸೆನ್ಸರನ್ನು ಹಾಪರ್ ಬಾಯಿಯಿಂದ 35 ಸೆಂಟಿಮೀಟರ್ ಮೇಲಕ್ಕೆ, ನಡುವಿನಲ್ಲಿ, ನೇರ ಕೆಳಮುಖವಾಗಿ ಕೂರಿಸಲಾಗಿದೆ. ಅಲ್ಲಿಂದ ಫೀಡ್ ಬಾಯಿಯವರೆಗೆ ತುಂಬಿದ್ದಾಗ ನಡುವಿನ 29 ಸೆಂಟಿಮೀಟರ್ ಚೌಕವಷ್ಟೇ ಕಾಣುತ್ತದೆ. ನೇರ ಗೋಡೆಯ ತಳಮಟ್ಟಕ್ಕೆ ಇಳಿದಾಗ ಒಂದು ಮೀಟರ್‌ಗೂ ತುಸು ಹೆಚ್ಚು ಅಗಲ ಕಾಣುತ್ತದೆ. ಇದು ಕೊರತೆಯಂತೆ ತೋರಿದರೂ ನಮ್ಮ ಬಳಕೆಗೆ ಅನುಕೂಲವೇ, ಏಕೆಂದರೆ ತುಂಬಿದ ಹಾಪರ್‌ನಲ್ಲಿ ನಿಖರತೆಯ ಅಗತ್ಯವಿಲ್ಲ, ಕಾಲುಭಾಗ ಉಳಿದಾಗ ಮಾತ್ರ ಅದು ಬೇಕಾಗುತ್ತದೆ.

ಈ ಸೆನ್ಸರಿನ ಮುಖ್ಯ ಗುಣವೊಂದನ್ನು ತಿಳಿಯದೆ ಬ್ಯಾಟರಿ ಸಾಧನ ವಿನ್ಯಾಸ ಮಾಡಲು ಆಗುವುದಿಲ್ಲ. ಅದರೊಳಗೆ ಶಾಶ್ವತವಾದ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇಲ್ಲ. ವಿದ್ಯುತ್ ಕೊಟ್ಟ ಪ್ರತಿ ಸಲವೂ, ಇಡೀ ಸಾಧನವನ್ನು ನಡೆಸುವ ಚಿಪ್ಪಾದ ಮೈಕ್ರೋಕಂಟ್ರೋಲರ್ ಸುಮಾರು 84 ಕಿಲೋಬೈಟ್ ಫರ್ಮ್‌ವೇರನ್ನು ಐ2ಸಿ ಮೂಲಕ ಅದಕ್ಕೆ ತುಂಬಬೇಕು. ಬಸ್ 400 ಕಿಲೋಹರ್ಟ್ಜ್ ವೇಗದಲ್ಲಿದ್ದರೆ ಇದಕ್ಕೆ ಎರಡು ಸೆಕೆಂಡಿನಷ್ಟು ಹಿಡಿಯುತ್ತದೆ. 1 ಮೆಗಾಹರ್ಟ್ಜ್‌ಗೆ ಏರಿಸಿದರೆ 0.8 ಸೆಕೆಂಡಿಗೆ ಇಳಿಯುತ್ತದೆ. ತುಂಬುವಾಗ ನನ್ನ ಬೋರ್ಡಿನಲ್ಲಿ ಸರಾಸರಿ 30 ಮಿಲಿಆಂಪಿಯರ್ ಹರಿಯುವುದು ಕಂಡಿದ್ದರಿಂದ, ವೇಗದ ಬಸ್ಸಿನಲ್ಲಿ ಈ ಹಂತಕ್ಕೆ ಸುಮಾರು 0.1 ಜೂಲ್, ನಿಧಾನದ ಬಸ್ಸಿನಲ್ಲಿ 0.2 ಜೂಲ್ ಎಂದು ಲೆಕ್ಕ ಹಾಕಬಹುದು. ಬಸ್ಸನ್ನು ವೇಗಗೊಳಿಸಲು, ಅದರ ತಂತಿಗಳನ್ನು ವಿದ್ಯುತ್ ಸಾಲಿನ ಕಡೆಗೆ ಎಳೆದು ಹಿಡಿಯುವ ಪುಲ್-ಅಪ್ ರೆಸಿಸ್ಟರುಗಳನ್ನು 2.2 ಕಿಲೋಓಮ್‌ಗೆ ಇಳಿಸಿ, ಸೆನ್ಸರ್ ಮತ್ತು ಮೈಕ್ರೋಕಂಟ್ರೋಲರ್ ನಡುವಿನ ಜಾಡನ್ನು ಆದಷ್ಟು ಮೊಟಕುಗೊಳಿಸಲಾಯಿತು. ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ಶಕ್ತಿ ಉಳಿಯುವುದು ಅಪರೂಪ.

ಇಲ್ಲಿ ಎರಡು ದಾರಿಗಳಿವೆ. ಸೆನ್ಸರನ್ನು ಅದರ ಕಡಿಮೆ ಶಕ್ತಿಯ ನಿದ್ರೆಯಲ್ಲಿಟ್ಟರೆ ಫರ್ಮ್‌ವೇರ್ ಉಳಿದುಕೊಳ್ಳುತ್ತದೆ, ಆದರೆ ಆ ನಿದ್ರೆಗೆ 45 ಮೈಕ್ರೋಆಂಪಿಯರ್‌ನಷ್ಟು ಬೇಕು. ಪೂರ್ತಿ ವಿದ್ಯುತ್ ಕಡಿದರೆ ನಿದ್ರೆಯ ಖರ್ಚಿಲ್ಲ, ಆದರೆ ಮುಂದಿನ ಸಲ ಮತ್ತೆ ಫರ್ಮ್‌ವೇರ್ ತುಂಬಬೇಕು. 3.3 ವೋಲ್ಟಿನಲ್ಲಿ 45 ಮೈಕ್ರೋಆಂಪಿಯರ್ ಎಂದರೆ ಸುಮಾರು 150 ಮೈಕ್ರೋವ್ಯಾಟ್. ಈ ದರದಲ್ಲಿ 0.1 ಜೂಲ್ ಕರಗಲು ಹನ್ನೊಂದು ನಿಮಿಷ ಸಾಕು. ಹಾಗಾಗಿ ಹನ್ನೊಂದು ನಿಮಿಷಕ್ಕಿಂತ ಬೇಗ ಬೇಗ ಅಳೆಯುವ ಸಾಧನದಲ್ಲಿ ಸೆನ್ಸರನ್ನು ಮಲಗಿಸುವುದು ಲಾಭ, ಅದಕ್ಕಿಂತ ಹೆಚ್ಚು ಅಂತರವಿದ್ದರೆ ಪೂರ್ತಿ ಆರಿಸುವುದು ಲಾಭ. ನಮ್ಮ ಅಂತರ ಅರ್ಧ ಗಂಟೆಯಾದ್ದರಿಂದ, ಸೋರಿಕೆ ಅತ್ಯಲ್ಪವಾಗಿರುವ ಒಂದು ಲೋಡ್ ಸ್ವಿಚ್ ಹಾಕಿ ಪೂರ್ತಿ ಆರಿಸುವ ದಾರಿಯನ್ನೇ ಹಿಡಿಯಲಾಯಿತು. ಈ ಗಡಿಯ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮದೇ ಬೋರ್ಡಿನ ಮೇಲೆ ಅಳೆದು ಮಾಡಬೇಕು. ಬಸ್ಸಿನ ವೇಗ ಅರ್ಧವಾದರೆ ಗಡಿ ಇಪ್ಪತ್ತು ನಿಮಿಷ ದಾಟುತ್ತದೆ.

ವಿದ್ಯುತ್ ಕಡಿಯುವುದು ಸ್ವಿಚ್ ಹಾಕಿದಷ್ಟಕ್ಕೇ ಮುಗಿಯುವ ಕೆಲಸವಲ್ಲ. ಐ2ಸಿ ಪುಲ್-ಅಪ್‌ಗಳು ಸದಾ ಜೀವಂತವಿರುವ 3.3 ವೋಲ್ಟ್ ಸಾಲಿಗೆ ಕಟ್ಟಿದ್ದರೆ, ಸೆನ್ಸರಿನ ವಿದ್ಯುತ್ ಕಡಿದ ಮೇಲೂ ಆ ರೆಸಿಸ್ಟರುಗಳ ಮೂಲಕ, ಸೆನ್ಸರಿನ ಪಿನ್ನುಗಳ ರಕ್ಷಣಾ ಡಯೋಡುಗಳನ್ನು ದಾಟಿ, ಕರೆಂಟು ಹಿಂಬಾಗಿಲಿನಿಂದ ಒಳನುಗ್ಗುತ್ತದೆ. ಹೀಗೆ ಅರೆಜೀವವಾಗಿ ಉಳಿದ ಸೆನ್ಸರ್ ನೂರಾರು ಮೈಕ್ರೋಆಂಪಿಯರ್ ಎಳೆಯುವುದಲ್ಲದೆ, ಮುಂದಿನ ಸಲ ಸರಿಯಾಗಿ ರೀಸೆಟ್ ಆಗದೆ ಫರ್ಮ್‌ವೇರ್ ತುಂಬಿಸಿಕೊಳ್ಳಲು ನಿರಾಕರಿಸುವುದೂ ಉಂಟು. ಪುಲ್-ಅಪ್‌ಗಳನ್ನು ಸ್ವಿಚ್ಚಿನ ಆಚೆಯ ಸಾಲಿಗೆ, ಎಂದರೆ ಸೆನ್ಸರಿನ ಜೊತೆಗೇ ಆರುವ ಸಾಲಿಗೆ ಕಟ್ಟಬೇಕು. ಸ್ವಿಚ್ ಆರಿಸುವ ಮುನ್ನ ಐ2ಸಿಯ ಗಡಿಯಾರ ಮತ್ತು ದತ್ತಾಂಶ, ಇಂಟರಪ್ಟ್ ಹಾಗೂ ಎಲ್‌ಪಿಎನ್ (ಸೆನ್ಸರಿನ ಐ2ಸಿ ಸಂಪರ್ಕವನ್ನು ತೆರೆಯುವ) ಪಿನ್ನುಗಳನ್ನೆಲ್ಲ ಮೈಕ್ರೋಕಂಟ್ರೋಲರ್ ಕಡೆಯಿಂದ ಅನಲಾಗ್ ಸ್ಥಿತಿಗೆ, ಎಂದರೆ ಯಾವ ವೋಲ್ಟೇಜನ್ನೂ ಹೊರಹಾಕದ ಸ್ಥಿತಿಗೆ ತರಬೇಕು. ಮಾರುಕಟ್ಟೆಯಲ್ಲಿ ಸಿಗುವ, ಸೆನ್ಸರನ್ನು ಮೊದಲೇ ಕೂರಿಸಿಟ್ಟ ಬ್ರೇಕ್‌ಔಟ್ ಬೋರ್ಡುಗಳಲ್ಲಿ ರೆಗ್ಯುಲೇಟರ್, ಎಲ್‌ಇಡಿ, ಲೆವೆಲ್ ಶಿಫ್ಟರುಗಳೂ ಇರುತ್ತವೆ. ಪ್ರಯೋಗಕ್ಕೆ ಅವು ಒಳ್ಳೆಯವು, ವರ್ಷಗಟ್ಟಲೆ ಬಾಳುವ ಸಾಧನಕ್ಕೆ ಸೆನ್ಸರನ್ನು ನೇರವಾಗಿ ಸ್ವಂತ ಬೋರ್ಡಿನ ಮೇಲೆ ಕೂರಿಸುವುದೇ ಸರಿ. ಇವೆಲ್ಲ ಮುಗಿದ ಮೇಲೆ ನಾರ್ಡಿಕ್‌ನ ಪವರ್ ಪ್ರೊಫೈಲರ್ ಕಿಟ್ 2ರಲ್ಲಿ ನೋಡಿದಾಗ ಇಡೀ ಸಾಧನದ ನಿದ್ರೆಯ ಕರೆಂಟು 5 ಮೈಕ್ರೋಆಂಪಿಯರ್‌ಗಿಂತ ಕೆಳಗೆ ನಿಂತಿತು. ಇಂಥ ಉಪಕರಣ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಸಾಮಾನ್ಯ ಮಲ್ಟಿಮೀಟರ್ ಮೈಕ್ರೋಆಂಪಿಯರ್ ನಿದ್ರೆಯನ್ನೂ 100 ಮಿಲಿಆಂಪಿಯರ್ ಎಚ್ಚರವನ್ನೂ ಒಂದೇ ಅಳತೆಯಲ್ಲಿ ತೋರಿಸಲಾರದು.

ಮೈಕ್ರೋಕಂಟ್ರೋಲರ್ ಆಗಿ ಎಸ್‌ಟಿಎಂ32ಡಬ್ಲ್ಯುಎಲ್‌ಇ5 ಬಳಸಲಾಗಿದೆ. ಅದರೊಳಗೇ ಕಡಿಮೆ ಶಕ್ತಿಯಲ್ಲಿ ಬಹುದೂರ ಸಂದೇಶ ಕಳುಹಿಸುವ ಲೋರಾ ರೇಡಿಯೊ ಇದೆ, 256 ಕಿಲೋಬೈಟ್ ಫ್ಲ್ಯಾಶ್ (ವಿದ್ಯುತ್ ಕಡಿದರೂ ಅಳಿಯದ ಸ್ಮೃತಿ) ಇದೆ. ಸೆನ್ಸರಿನ 84 ಕಿಲೋಬೈಟ್, ಲೋರಾವ್ಯಾನ್ (ಲೋರಾ ಜಾಲದ) ತಂತ್ರಾಂಶ ಮತ್ತು ನಮ್ಮ ಲೆಕ್ಕಾಚಾರ ಮೂರೂ ಅದರಲ್ಲಿ ಹಿಡಿಸುತ್ತವೆ. ಕಡಿಮೆ ಫ್ಲ್ಯಾಶಿನ ಅಗ್ಗದ ಚಿಪ್ಪುಗಳು ಈ ಒಂದೇ ಕಾರಣಕ್ಕೆ ಹೊರಗುಳಿಯುತ್ತವೆ.

ಅಳತೆಯ ಕ್ರಮ ಹೀಗಿದೆ. ಗಡಿಯಾರ ಎಬ್ಬಿಸಿದೊಡನೆ ಸ್ವಿಚ್ ಹೊತ್ತಿಸಿ, ಫರ್ಮ್‌ವೇರ್ ತುಂಬಿ, ಮುಂಚೆಯೇ ಫ್ಲ್ಯಾಶಿನಲ್ಲಿ ಉಳಿಸಿಟ್ಟ 776 ಬೈಟಿನ ಕ್ರಾಸ್‌ಟಾಕ್ ದತ್ತಾಂಶವನ್ನು (ಕಿಟಕಿಯಿಂದ ಮರಳುವ ಬೆಳಕನ್ನು ಕಳೆಯುವ ತಿದ್ದುಪಡಿ, ವಿವರ ಮುಂದಿದೆ) ಮರಳಿ ಬರೆಯಲಾಗುತ್ತದೆ, ಏಕೆಂದರೆ ವಿದ್ಯುತ್ ಕಡಿದಾಗ ಅದೂ ಅಳಿಸಿಹೋಗಿರುತ್ತದೆ. ಸೆನ್ಸರನ್ನು ಆಟೊನಮಸ್ ವಿಧಾನದಲ್ಲಿ (ಅಳೆಯುವಾಗ ಮಾತ್ರ ಬೆಳಕು ಹೊತ್ತುವ ವಿಧಾನ), ಸೆಕೆಂಡಿಗೆ ನಾಲ್ಕು ಚಿತ್ರದಂತೆ, 50 ಮಿಲಿಸೆಕೆಂಡ್ ಇಂಟಿಗ್ರೇಷನ್ ಅವಧಿಯೊಂದಿಗೆ (ಮರಳಿದ ಬೆಳಕನ್ನು ಕೂಡಿಸಿಕೊಳ್ಳುವ ಹೊತ್ತು) ನಡೆಸಲಾಗುತ್ತದೆ. 8×8 ಚಿತ್ರವೊಂದಕ್ಕೆ ಒಳಗೊಳಗೆ ನಾಲ್ಕು ಇಂಟಿಗ್ರೇಷನ್‌ಗಳು ನಡೆಯುವುದರಿಂದ ಅವುಗಳ ಮೊತ್ತ 250 ಮಿಲಿಸೆಕೆಂಡಿನ ಒಳಗೆ ಕೂರಬೇಕು ಎಂಬುದನ್ನು ಗಮನಿಸಬೇಕು. ನಾಲ್ಕು ಚಿತ್ರ ತೆಗೆದು, ಮೊದಲನೆಯದನ್ನು ಬಿಟ್ಟು, ಉಳಿದ ಮೂರರಿಂದ ಪ್ರತಿ ವಲಯದ ಮಧ್ಯಮ ಬೆಲೆಯನ್ನು ಇಟ್ಟುಕೊಳ್ಳಲಾಗುತ್ತದೆ. ಅಳತೆ ಎಷ್ಟು ನಂಬಲರ್ಹ ಎಂದು ಪ್ರತಿ ವಲಯಕ್ಕೂ ಸೆನ್ಸರೇ ಒಂದು ಅಂಕೆ ಕೊಡುತ್ತದೆ; ಆ ಟಾರ್ಗೆಟ್ ಸ್ಥಿತಿ 5 ಎಂದಿರುವ ವಲಯಗಳನ್ನು ಪೂರ್ಣವಾಗಿ ನಂಬಬಹುದು, 6 ಮತ್ತು 9 ಅರೆನಂಬಿಕೆಯವು, ಉಳಿದವನ್ನು ಕೈಬಿಡಲಾಗುತ್ತದೆ. ಈ ಒಂದು ಸೆಕೆಂಡಿನಲ್ಲಿ ಸೆನ್ಸರ್ 90 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ, ಒಟ್ಟು ಖರ್ಚು ಸುಮಾರು 0.3 ಜೂಲ್. ಸಂದೇಶವನ್ನು 865–867 ಮೆಗಾಹರ್ಟ್ಜ್ ಪಟ್ಟಿಯಲ್ಲಿ 14 ಡಿಬಿಎಂ ಶಕ್ತಿಯಲ್ಲಿ ಕಳುಹಿಸಿ, ಉತ್ತರಕ್ಕಾಗಿ ಕಿವಿಗೊಡುವ ಎರಡು ಕಿಂಡಿಗಳನ್ನು ಸೇರಿಸಿದರೂ ಖರ್ಚು 0.04 ಜೂಲ್ ದಾಟುವುದಿಲ್ಲ. ಬ್ಯಾಟರಿ ಸಾಧನಗಳಲ್ಲಿ ರೇಡಿಯೊವೇ ದೊಡ್ಡ ಖರ್ಚು ಎಂಬ ಸಾಮಾನ್ಯ ತಿಳಿವಳಿಕೆ ಆಳದ ಕ್ಯಾಮೆರಾ ಬಂದೊಡನೆ ತಲೆಕೆಳಗಾಗುತ್ತದೆ: ಇಲ್ಲಿ ನೋಡುವ ಖರ್ಚು ಹೇಳುವ ಖರ್ಚಿನ ಹತ್ತು ಪಟ್ಟು. ಆದ್ದರಿಂದ ಸಂದೇಶಗಳನ್ನು ಉಳಿಸಲು ಹೆಣಗುವುದಕ್ಕಿಂತ ಸೆನ್ಸರ್ ಎಚ್ಚರವಿರುವ ಮಿಲಿಸೆಕೆಂಡುಗಳನ್ನು ಉಳಿಸುವುದು ಮೇಲು.

64 ದೂರಗಳಿಂದ ಗಾತ್ರ ಪಡೆಯುವುದು ಮೇಲುನೋಟಕ್ಕೆ ಕಂಡಷ್ಟು ಸರಳವಲ್ಲ. ಸಮತಟ್ಟಾದ ನೆಲದ ಕಡೆ ತಿರುಗಿಸಿ ನೋಡಿದಾಗ ಮೂಲೆಯ ವಲಯಗಳೂ ನಡುವಿನ ವಲಯಗಳೂ ಒಂದೇ ದೂರ ತೋರಿಸಿದವು. ಓರೆಯಾದ ಕಿರಣದ ಉದ್ದವೇ ಬಂದಿದ್ದರೆ ಮೂಲೆಗಳು ಸುಮಾರು 12 ಪ್ರತಿಶತ ಹೆಚ್ಚಿರಬೇಕಿತ್ತು. ಅಂದರೆ ಸೆನ್ಸರ್ ತಾನೇ ಲಂಬ ದೂರಕ್ಕೆ ಪರಿವರ್ತಿಸಿ ಕೊಡುತ್ತದೆ, ನಾವು ಮತ್ತೊಮ್ಮೆ ಪರಿವರ್ತಿಸಬಾರದು. ಆದರೆ ವಲಯವೊಂದು ಕಾಣುವ ಜಾಗ ದೂರದೊಂದಿಗೆ ಬೆಳೆಯುತ್ತದೆ: 120 ಸೆಂಟಿಮೀಟರ್ ದೂರದಲ್ಲಿ ಅದು 12 ಸೆಂಟಿಮೀಟರ್ ಚೌಕ, 40 ಸೆಂಟಿಮೀಟರ್ ದೂರದಲ್ಲಿ ಬರೀ 4 ಸೆಂಟಿಮೀಟರ್ ಚೌಕ. ಆಲಿಕೆಯ ಆಳದಲ್ಲಿ ಬಿದ್ದ ಒಂದು ವಲಯ ಅಂಚಿನಲ್ಲಿರುವ ಒಂದು ವಲಯದ ಒಂಬತ್ತು ಪಟ್ಟು ವಿಸ್ತಾರವನ್ನು ಪ್ರತಿನಿಧಿಸಬಹುದು. ಆದ್ದರಿಂದ 64 ಬೆಲೆಗಳ ಸರಾಸರಿ ತೆಗೆಯುವುದು ತಪ್ಪು ದಾರಿ. ಪ್ರತಿ ವಲಯವನ್ನು ಅದರ ಕೋನದಿಂದ ಹಾಪರ್‌ನೊಳಗಿನ ನಿಜವಾದ ಸ್ಥಾನಕ್ಕೆ ಒಯ್ದು, 10 ಸೆಂಟಿಮೀಟರ್ ಮನೆಗಳ ಜಾಲದ ಮೇಲೆ ಎತ್ತರಗಳನ್ನು ತುಂಬಿ, ಕಾಣದ ಅಂಚುಗಳಿಗೆ ಪಕ್ಕದ ಇಳಿಜಾರನ್ನೇ ಮುಂದುವರಿಸಲಾಗುತ್ತದೆ. ಬರಿದಾದ ಹಾಪರ್‌ನ ನಕ್ಷೆಯನ್ನು ಒಮ್ಮೆ ತೆಗೆದು ಉಳಿಸಿಟ್ಟಿರುವುದರಿಂದ ಗೋಡೆಯನ್ನು ನೋಡುವ ವಲಯ ಯಾವುದು, ಫೀಡನ್ನು ನೋಡುವ ವಲಯ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಗಾತ್ರದಿಂದ ತೂಕಕ್ಕೆ ಹೋಗಲು 50 ಕಿಲೋದ ಚೀಲಗಳನ್ನು ಒಂದೊಂದಾಗಿ ಸುರಿದು ಪ್ರತಿ ಹಂತದ ಅಳತೆಯನ್ನು ಬರೆದುಕೊಳ್ಳಲಾಯಿತು. ನೇರ ಗೋಡೆಯ ಕೆಳ ಅರ್ಧದಲ್ಲಿ ವ್ಯತ್ಯಾಸ ಅರ್ಧ ಚೀಲದೊಳಗೆ ಉಳಿಯಿತು, ಪೂರ್ತಿ ತುಂಬಿದಾಗ ಅದಕ್ಕಿಂತ ಹೆಚ್ಚಿತ್ತು. ಮರಿಗಳ ಪ್ರೀ-ಸ್ಟಾರ್ಟರ್ ಪುಡಿಪುಡಿಯಾಗಿರುತ್ತದೆ, ಫಿನಿಷರ್ ಹರಳಿನಂತೆ ಗಟ್ಟಿಯಾಗಿರುತ್ತದೆ. ಒಂದೇ ಗಾತ್ರಕ್ಕೆ ಎರಡರ ತೂಕವೂ ಒಂದಲ್ಲ. ಹಾಗಾಗಿ ಸಾಧನ ಗಾತ್ರವನ್ನಷ್ಟೇ ಕಳುಹಿಸುತ್ತದೆ, ಬ್ಯಾಚಿನ ವಯಸ್ಸಿಗೆ ತಕ್ಕ ಗುಣಕವನ್ನು ಮನೆಯಲ್ಲಿರುವ ಸರ್ವರ್ ಹಾಕಿಕೊಳ್ಳುತ್ತದೆ. ಗಾತ್ರದ ಜೊತೆಗೆ ನಡುವಿಗೂ ಬದಿಗೂ ಇರುವ ಎತ್ತರದ ಅಂತರವನ್ನೂ ಕಳುಹಿಸಲಾಗುತ್ತದೆ. ಆ ಅಂತರ ಏರುತ್ತಲೇ ಹೋಗಿ ಬದಿಗಳು ಅಲುಗದಿದ್ದರೆ ನಡುವೆ ಬಿಲ ಬಿದ್ದಿದೆ ಎಂದರ್ಥ; ಆಗರ್ ನಡೆಯಬೇಕಾದ ಹೊತ್ತಿನಲ್ಲಿ ಇಡೀ ಮೇಲ್ಮೈ ನಿಶ್ಚಲವಾಗಿದ್ದರೆ ಕೆಳಗೆ ಕಮಾನು ಕಟ್ಟಿದೆ ಎಂದರ್ಥ. ಸಾಧನ ಕಟ್ಟಿದ ಉದ್ದೇಶವೇ ಈ ಎರಡು ಸೂಚನೆಗಳು.

ಅತಿ ಹೆಚ್ಚು ಯೋಚನೆ ಬೇಡಿದ್ದು ಧೂಳು. ಸೆನ್ಸರಿನ ಮುಂದಿರುವ ಪಾರದರ್ಶಕ ಕಿಟಕಿಯಿಂದ ಹೊರಡುವ ಬೆಳಕಿನ ಒಂದಂಶ ಮರಳಿ ಸೆನ್ಸರಿಗೇ ಬೀಳುವುದನ್ನು ಕ್ರಾಸ್‌ಟಾಕ್ ಎನ್ನುತ್ತಾರೆ. ಕಿಟಕಿ ತೆಳುವಾಗಿದ್ದು, ಸೆನ್ಸರಿಗೆ ಅರ್ಧ ಮಿಲಿಮೀಟರ್‌ನಷ್ಟು ಹತ್ತಿರವಿದ್ದು, ಕಳುಹಿಸುವ ಮತ್ತು ಪಡೆಯುವ ರಂಧ್ರಗಳ ನಡುವೆ ಕಪ್ಪು ಗ್ಯಾಸ್ಕೆಟ್ ಇದ್ದರೆ ಇದು ಬಹುಪಾಲು ತಗ್ಗುತ್ತದೆ; ಉಳಿದದ್ದನ್ನು 60 ಸೆಂಟಿಮೀಟರ್ ದೂರದಲ್ಲಿ ಕಡು ಕಪ್ಪು ಹಲಗೆಯಿಟ್ಟು ಮಾಡುವ ಕ್ಯಾಲಿಬ್ರೇಷನ್ ಕಳೆಯುತ್ತದೆ. ಕ್ಯಾಲಿಬ್ರೇಷನ್ ಮಾಡಿದ್ದು ಶುಚಿಯಾದ ಕಿಟಕಿಯ ಮೇಲೆ, ಆದರೆ ಫೀಡಿನ ಎಣ್ಣೆಯಂಶವಿರುವ ನಯವಾದ ಧೂಳು ಕೆಳಮುಖವಾದ ಕಿಟಕಿಗೂ ಅಂಟಿಕೊಳ್ಳುತ್ತದೆ. ಆಗ ಕೆಲವು ವಲಯಗಳು ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಏನೋ ಇದೆ ಎನ್ನತೊಡಗುತ್ತವೆ. ಒಂದೇ ವಲಯದಲ್ಲಿ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅವುಗಳ ನಡುವೆ 60 ಸೆಂಟಿಮೀಟರ್ ಅಂತರ ಬೇಕು; ಹಾಪರ್ ತುಂಬಿದ್ದಾಗ ಫೀಡ್ 35 ಸೆಂಟಿಮೀಟರ್ ದೂರದಲ್ಲೇ ಇರುವುದರಿಂದ ಧೂಳಿನ ಪ್ರತಿಫಲನವೂ ಫೀಡಿನದೂ ಬೆರೆತುಹೋಗುತ್ತವೆ, ಅರ್ಧಕ್ಕಿಂತ ಕೆಳಗೆ ಇಳಿದಾಗ ಬೇರ್ಪಡುತ್ತವೆ.

ಇದಕ್ಕೆ ಮೂರು ಪರಿಹಾರಗಳನ್ನು ಒಟ್ಟಿಗೆ ಅಳವಡಿಸಲಾಗಿದೆ. ಕಿಟಕಿಯನ್ನು ಕೆಳಕ್ಕೆ ಅಗಲವಾಗುವ ಒಂದು ಗಿಡ್ಡ ಕೊಳವೆಯೊಳಗೆ ಹಿಂದಕ್ಕೆ ಸರಿಸಲಾಗಿದೆ, ಸುರಿಯುವಾಗ ಏಳುವ ಧೂಳು ನೇರವಾಗಿ ಬಡಿಯದಂತೆ. ಕೊಳವೆಯ ಅಂಚು 45 ಡಿಗ್ರಿಯ ನೋಟವನ್ನು ಕತ್ತರಿಸದಂತೆ ಅದರ ಅಳತೆ ಹೊಂದಿಸಬೇಕು. ಸೆನ್ಸರಿಗೆ ಹತ್ತಿರದ ವಸ್ತುವಿನ ಬದಲು ಪ್ರಬಲವಾದ ಪ್ರತಿಫಲನವನ್ನು ಮೊದಲು ಕೊಡುವಂತೆ ಸೂಚಿಸಲಾಗಿದೆ. ಹತ್ತು ಸೆಂಟಿಮೀಟರ್ ಒಳಗಿನ ಉತ್ತರ ಕೊಡುವ ವಲಯಗಳ ಸಂಖ್ಯೆ ಹತ್ತನ್ನು ಮೀರಿದರೆ ಕಿಟಕಿ ಒರೆಸಿ ಎಂಬ ಸೂಚನೆ ಸಂದೇಶದೊಂದಿಗೆ ಹೋಗುತ್ತದೆ. ಫೀಡ್ ಸುರಿಯುವ ಹೊತ್ತಿನಲ್ಲೇ ಅಳತೆ ಬಿದ್ದರೆ ವಲಯಗಳ ಸಿಗ್ಮಾ ಬೆಲೆ (ಅಳತೆಯ ಅನಿಶ್ಚಿತತೆ) ಏಕಾಏಕಿ ಏರುತ್ತದೆ. ಆಗ ಆ ಅಳತೆಯನ್ನು ಬಿಟ್ಟು ಹತ್ತು ನಿಮಿಷದ ನಂತರ ಮತ್ತೊಮ್ಮೆ ನೋಡಲಾಗುತ್ತದೆ. ಪೆಟ್ಟಿಗೆ ಪಾಲಿಕಾರ್ಬೊನೇಟಿನದು, ಒಳಗಿನ ಒತ್ತಡ ಸರಿದೂಗಿಸುವ ಗಾಳಿಪೊರೆಯೊಂದನ್ನು ಬಿಟ್ಟರೆ ಅದಕ್ಕೆ ರಂಧ್ರಗಳಿಲ್ಲ. ಶೆಡ್ ತೊಳೆದು ಫಾರ್ಮಲಿನ್ ಹೊಗೆ ಹಾಕುವಾಗ ಪೆಟ್ಟಿಗೆಯನ್ನು ಬಿಚ್ಚಿ ಹೊರಗಿಡುವುದೇ ಉತ್ತಮವಾದ್ದರಿಂದ, ಎರಡು ರೆಕ್ಕೆ ನಟ್ಟುಗಳಲ್ಲಿ ಕಳಚಿ ಅದೇ ಜಾಗಕ್ಕೆ ಮರಳಿ ಕೂರುವಂತೆ ಚೌಕಟ್ಟಿಗೆ ಗುರುತಿನ ಗೂಟಗಳನ್ನು ಇಡಲಾಗಿದೆ.

ಬ್ಯಾಟರಿಯಾಗಿ ಇಆರ್26500 ಎಂಬ ಸಿ-ಗಾತ್ರದ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಇದೆ: 3.6 ವೋಲ್ಟ್, ಸುಮಾರು 8.5 ಆಂಪಿಯರ್-ಗಂಟೆ. ತಾನಾಗಿ ಸೋರುವ ಪ್ರಮಾಣ ಸಾಮಾನ್ಯ ತಾಪಮಾನದಲ್ಲಿ ವರ್ಷಕ್ಕೆ ಒಂದು ಪ್ರತಿಶತದಷ್ಟು. ಆದರೆ ಈ ರಸಾಯನಕ್ಕೆ ಒಂದು ಸ್ವಭಾವವಿದೆ. ಬಹಳ ಹೊತ್ತು ಕರೆಂಟು ಎಳೆಯದಿದ್ದರೆ ಲಿಥಿಯಂ ಮೇಲೆ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಸೋರಿಕೆ ಕಡಿಮೆಯಾಗಿರುವುದು ಆ ಪದರದಿಂದಲೇ, ಆದರೆ ಹಠಾತ್ತನೆ 100 ಮಿಲಿಆಂಪಿಯರ್ ಕೇಳಿದಾಗ ವೋಲ್ಟೇಜ್ ಕುಸಿಯುವುದೂ ಅದರಿಂದಲೇ. ನೀರಿನ ಮತ್ತು ಅನಿಲದ ಮೀಟರುಗಳಲ್ಲಿ ಮಾಡುವಂತೆ ಸೆಲ್ಲಿಗೆ ಸಮಾನಾಂತರವಾಗಿ ಒಂದು ಹೈಬ್ರಿಡ್ ಪಲ್ಸ್ ಕೆಪಾಸಿಟರ್ ಕಟ್ಟಿದರೆ ಸೆಲ್ ನಿಧಾನವಾಗಿ ಅದನ್ನು ತುಂಬುತ್ತದೆ, ಹೊರೆಯನ್ನು ಕೆಪಾಸಿಟರ್ ಹೊರುತ್ತದೆ. ಇದರ ನಂತರ, ಒಳಬರುವ ವೋಲ್ಟೇಜನ್ನು ಬೇಕಾದಂತೆ ಏರಿಸುವ ಇಲ್ಲವೇ ಇಳಿಸುವ ಟಿಪಿಎಸ್63900 ಬಕ್-ಬೂಸ್ಟ್ ಕನ್ವರ್ಟರ್ 3.3 ವೋಲ್ಟ್ ಕೊಡುತ್ತದೆ. ಅದರ ಸ್ವಂತ ಬಳಕೆ 75 ನ್ಯಾನೋಆಂಪಿಯರ್ ಮಾತ್ರ. ಸೆನ್ಸರ್ ಮತ್ತು ರೇಡಿಯೊ ಒಂದೇ ಕ್ಷಣದಲ್ಲಿ ಎಚ್ಚರವಿರದಂತೆ ತಂತ್ರಾಂಶ ನೋಡಿಕೊಳ್ಳುತ್ತದೆ.

ಒಟ್ಟು ಲೆಕ್ಕ ಹೀಗಾಗುತ್ತದೆ: ಒಂದು ಸುತ್ತಿಗೆ ಕನ್ವರ್ಟರಿನ ನಷ್ಟ ಸೇರಿ ಅರ್ಧ ಜೂಲ್‌ಗಿಂತ ತುಸು ಹೆಚ್ಚು, ದಿನಕ್ಕೆ ನಿದ್ರೆಯ ಒಂದೂವರೆ ಜೂಲ್ ಸೇರಿ ಸುಮಾರು 27 ಜೂಲ್. ಸೆಲ್ಲಿನ 1,10,000 ಜೂಲ್‌ನಲ್ಲಿ ಎಪ್ಪತ್ತು ಪ್ರತಿಶತವನ್ನಷ್ಟೇ ನಂಬಿದರೂ ಏಳು ವರ್ಷಕ್ಕೆ ಮೀರುತ್ತದೆ. ತಗಡಿನ ಸೂರಿನ ಕೆಳಗಿನ ಬೇಸಿಗೆಯ ಕಾವಿನಲ್ಲಿ ಸೆಲ್ಲಿನ ಸೋರಿಕೆಯೂ ಕೆಪಾಸಿಟರಿನ ಸೋರಿಕೆಯೂ ಹೆಚ್ಚುವುದರಿಂದ ಐದು ವರ್ಷವೆಂದು ಹಿಡಿದು ಸೆಲ್ ಬದಲಾಯಿಸುವ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಬರೆಯಲಾಗಿದೆ. ಈ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಬಹುತೇಕ ಸಮವಾಗಿಯೇ ಇದ್ದು ಆಮೇಲೆ ಒಮ್ಮೆಗೇ ಬೀಳುವುದರಿಂದ, ವೋಲ್ಟೇಜ್ ನೋಡಿ ಉಳಿದ ಆಯಸ್ಸು ಹೇಳಲಾಗದು. ಅದರ ಬದಲು ಪ್ರತಿ ಸುತ್ತಿಗೂ ತಗಲಿದ ಶಕ್ತಿಯನ್ನು ಕೂಡಿಸುತ್ತ ಹೋಗುವ ಎಣಿಕೆಯೊಂದು ಫ್ಲ್ಯಾಶಿನಲ್ಲಿದೆ, ದಿನಕ್ಕೊಮ್ಮೆ ಅದು ಸಂದೇಶದೊಂದಿಗೆ ಹೋಗುತ್ತದೆ. ಹೊಸ ಸೆಲ್ ಹಾಕಿದಾಗ ಬೋರ್ಡಿನ ಮೇಲಿರುವ ಗುಂಡಿಯನ್ನು ಒತ್ತಿ ಹಿಡಿದು ಅದನ್ನು ಸೊನ್ನೆಗೆ ತರಬೇಕು.